ಯಮನೂರಪ್ಪನ ಗುಂಡು ಹಾರದ ಬಂದೂಕು

ಕೊಂಡ ಸಾಮಾನಿಗಿಂತ ಅದರ ತಕರಾರನ್ನೇ ಹೆಚ್ಚು ಪ್ರೀತಿಸುವ ಗಿರಾಕಿ ಪ್ರತಿ ಅಂಗಡಿಗೂ ಒಬ್ಬನಿರುತ್ತಾನೆ. ನನ್ನ ಆಟಿಕೆ ಅಂಗಡಿಗೆ ಸಿಕ್ಕವನು ಬಾದಾಮಿ ಬಸ್‌ಸ್ಟ್ಯಾಂಡಿನೆದುರು ಪೇರಲಹಣ್ಣು ಮಾರುವ ಯಮನೂರಪ್ಪ. ಮಂಗಗಳನ್ನು ಓಡಿಸಲು ಅವನು ಒಯ್ದದ್ದು ಮಿಲಿಟರಿ ರೈಫಲ್ಲಿನ ನಕಲು. ಬೋಲ್ಟ್ ಎಳೆದು ಟ್ರಿಗರ್ ಒತ್ತಿದರೆ ಪ್ಲಾಸ್ಟಿಕ್ ಗುಂಡು ಹಾರಬೇಕು. ಹಾರುವುದಿಲ್ಲ. ಒಂದು ದಿನ ಬೋಲ್ಟ್ ಸಿಕ್ಕಿಬಿದ್ದಿರುತ್ತದೆ, ಮತ್ತೊಂದು ದಿನ ಗುಂಡು ಕಾಲಬುಡಕ್ಕೇ ಉದುರಿರುತ್ತದೆ, ಶನಿವಾರವಂತೂ ಹನುಮಪ್ಪನ ವಾರವೆಂದು ಬಂದೂಕಿಗೇ ಉಪವಾಸ. “ಎಂಥಾ ಮಾಲ್ ಕೊಟ್ರಿ ಸಾವಕಾರ್ರ, ಮಂಗ್ಯಾಗೋಳು ಇದರ ಮ್ಯಾಲ ಕುಂತು ನನ್ನ ಪೇರಲ ತಿಂತಾವ!” ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾನೆ. ಹಿಂದೆ ನಿಂತ ಹೆಂಡತಿ ಹನಮವ್ವ, “ಇವತ್ತರ ನೆಟ್ಟಗ ಮಾಡಿ ಕೊಡ್ರೀ ಯಪ್ಪಾ, ದಿನಾ ಅರ್ಧಾ ಬುಟ್ಟಿ ಅವಕ್ಕ ಹೊಂಟೈತಿ” ಎಂದು ಗೋಗರೆಯುತ್ತಾಳೆ. ನಿನ್ನೆ ಬಂದೂಕು ಬಿಚ್ಚಿದೆ. ಒಳಗೆ ಸ್ಪ್ರಿಂಗೇ ಇಲ್ಲ. ಅಷ್ಟರಲ್ಲಿ ಯಮನೂರಪ್ಪ ಅಡಿಕೆಗೆಂದು ಚಂಚಿ ಬಿಚ್ಚಿದ. ವೀಳ್ಯದೆಲೆಗಳ ನಡುವಿನಿಂದ ಬಂದೂಕಿನ ಸ್ಪ್ರಿಂಗು ಇಣುಕಿತು. ಹನಮವ್ವ ಅತ್ತ ತಿರುಗಿದ್ದೇ ತಡ, ನನ್ನ ಕಿವಿಗೆ ಬಾಗಿದ: “ನಮ್ಮಾಕಿಗೆ ಹೇಳಬ್ಯಾಡ್ರಿ. ಒಂದು ಮಂಗ ಬರ್ತಾಳ್ರಿ, ಹೊಟ್ಟಿಗೆ ಮರಿ ಅವಚಿಕೊಂಡು. ಗುಂಡು ಬಡದ್ರ ಆಕಿ ಮರಿ ಹಿಡೀಬೇಕೋ, ಗಿಡಾ ಹಿಡೀಬೇಕೋ?”