ಸ್ವಿಚ್ಚಿಲ್ಲದ ಬ್ಯಾಟರಿ, ಇನಾಸನ ಉಂಗುರ

೧೯೮೬ರಲ್ಲಿ ನಾನು ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದೆ. ನಮ್ಮಲ್ಲಿ ಒಂದೇ ಕಟ್ಟುನಿಟ್ಟು: ಮೊದಲು ಮೇನ್ ಸ್ವಿಚ್ ತೆಗೆ, ಫ್ಯೂಸ್ ಕಿತ್ತು ಜೇಬಿಗೆ ಹಾಕು, ಆಮೇಲೆ ತಂತಿ ಮುಟ್ಟು. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಒಂದು ಶನಿವಾರ ಬೆಳಿಗ್ಗೆ ಮ್ಯಾನೇಜರ್ ಸಾಹೇಬರು ಆಟಿಕೆಯ ಕಾರೊಂದನ್ನು ನನ್ನ ಮೇಜಿನ ಮೇಲಿಟ್ಟರು. ಅವರ ತಮ್ಮ ಪರದೇಶದಿಂದ ತಂದದ್ದು; ಕೈಯಲ್ಲಿ ರಿಮೋಟ್ ಹಿಡಿದು ದೂರದಿಂದಲೇ ಓಡಿಸುವಂಥದ್ದು. ಅದರ ಬ್ಯಾಟರಿ ಪ್ಯಾಕ್ ಸತ್ತಿತ್ತು. ಜೊತೆಗೆ ಆರು ಹೊಸ ನಿಕಲ್-ಕ್ಯಾಡ್ಮಿಯಂ ಸೆಲ್‌ಗಳಿದ್ದವು. "ಸಂಜೆ ಕ್ಲಬ್ಬಿನಲ್ಲಿ ಇದು ಓಡಬೇಕು," ಎಂದರು. ಸಿಟ್ಟು ಬಂತು, ನುಂಗಿಕೊಂಡೆ. ಆಗುವುದಿಲ್ಲ ಎನ್ನುವ ದಾರಿ ನನಗೇ ಇರಲಿಲ್ಲ. ಈ ಕೆಲಸಕ್ಕೆ ನಾನು ಕರೆದ ವೈರ್‌ಮನ್ ಇನಾಸನಿಗಂತೂ ಇರಲೇ ಇಲ್ಲ, ಅವನಿನ್ನೂ ಟೆಂಪರರಿ.

ಇನಾಸ ಹಳಿಯಾಳ ಕಡೆಯ ಸಿದ್ದಿ ಕ್ರೈಸ್ತರ ಮನೆಯವನು. ಬೆಸುಗೆಯಲ್ಲಿ ಅವನ ಕೈ ಒಳ್ಳೆಯದು. ಹೊಸದಾಗಿ ಮದುವೆಯಾಗಿತ್ತು. ಇಗರ್ಜಿಯಲ್ಲಿ ಹೆಂಡತಿ ಲೂಸಿ ತೊಡಿಸಿದ ಉಂಗುರ ತೆಗೆಯಕೂಡದೆಂದು ಅವಳೇ ಆಣೆ ಹಾಕಿದ್ದಳಂತೆ. ಅದಕ್ಕೇ ಕೆಲಸದ ಹೊತ್ತಿನಲ್ಲಿ ಅದರ ಮೇಲೆ ಟೇಪು ಸುತ್ತುತ್ತಿದ್ದ. ಅಂದು ಸುತ್ತಿರಲಿಲ್ಲ. ಕೇಳಿದರೆ, "ಆಟದ ಸಾಮಾನಿಗೆ ಎಂಥಾ ಟೇಪ್ರಿ, ಸಾಹೇಬ್ರ," ಎಂದು ನಕ್ಕ.

ಚಾರ್ಜ್ ಮಾಡಿದ ಸೆಲ್‌ಗಳನ್ನು ಒಂದರ ಪಕ್ಕ ಒಂದು, ಒಂದರ ತಲೆ ಮೇಲೆ ಇನ್ನೊಂದರದು ಕೆಳಗೆ ಬರುವಂತೆ ಜೋಡಿಸಿ, ತಾಮ್ರದ ಪಟ್ಟಿಗಳನ್ನು ಬೆಸೆದ. ಹೆಚ್ಚು ಕಾಯಿಸಿದರೆ ಸೆಲ್ ಕೆಡುತ್ತದೆಂದು ಕೈ ಚುರುಕಾಗಿತ್ತು. ಕೊನೆಯ ಬೆಸುಗೆ ಮುಗಿಸಿ ಪ್ಯಾಕನ್ನು ತಿರುಗಿಸುವಾಗ ಉಂಗುರ ಎರಡು ಪಟ್ಟಿಗಳಿಗೆ ಒಟ್ಟಿಗೇ ತಾಗಿ, ಶಾರ್ಟ್ ಆಗಿ ಅಲ್ಲೇ ಅಂಟಿಕೊಂಡಿತು. ಕಿಡಿ ಹಾರಿತು. ಕೈ ಎಳೆದರೆ ಬರಲಿಲ್ಲ. "ಸ್ವಿಚ್ಚ! ಸ್ವಿಚ್ಚ!" ಎಂದು ಕೂಗುತ್ತ ಎಡಗೈಯಿಂದ ತಾನೇ ಗೋಡೆಯ ಸ್ವಿಚ್ಚುಗಳನ್ನೆಲ್ಲ ಬಡಿದ. ದೀಪ ಆರಿತು, ಸೋಲ್ಡರಿಂಗ್ ಐರನ್ ಆರಿತು. ಉಂಗುರ ಮಾತ್ರ ಸುಡುತ್ತಲೇ ಇತ್ತು.

ನಾನು ಇಕ್ಕಳದಿಂದ ಪ್ಯಾಕನ್ನು ಕಿತ್ತೆಸೆದೆ. ಅಷ್ಟರಲ್ಲಿ ಬೆರಳು ಬಾತು ಬದನೆಕಾಯಿಯಾಗಿತ್ತು. ಸೋಪು ಹಚ್ಚಿದರೂ ಉಂಗುರ ಜಗ್ಗಲಿಲ್ಲ, ಬೆರಳ ತುದಿ ನೀಲಿಗಟ್ಟತೊಡಗಿತು. ನಾನು ಕಟರ್ ಎತ್ತಿಕೊಂಡದ್ದನ್ನು ನೋಡಿ ಅವನು ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡ.

"ಬ್ಯಾಡ್ರಿ ಸಾಹೇಬ್ರ. ಆಕಿ ಮುಂದ ಹೆಂಗ ನಿಂದರ್ಲಿ?"

"ಬೆರಳ ಹೋದ ಮ್ಯಾಲ ಹೆಂಗ ನಿಂದರ್ತಿ? ಕೊಡೋ ಇತ್ಲಾಗ!"

ಅವನು ಮುಖ ಆ ಕಡೆ ತಿರುಗಿಸಿ ಕೈ ಚಾಚಿದ. ನಾನು ಕತ್ತರಿಸಿದೆ.

ಬೆರಳು ಉಳಿಯಿತು. ಆದರೆ ಕಾಗದದಲ್ಲಿ ಸುತ್ತಿದ ಆ ಉಂಗುರವನ್ನು ಆಸ್ಪತ್ರೆಯಲ್ಲಿ ಲೂಸಿಯ ಕೈಗಿಡುವಾಗ ನನಗೆ ನಾಚಿಕೆಯೂ ಭಯವೂ ಆಯಿತು. ಮೇನ್ ತೆಗೆದರೆ ಎಲ್ಲವೂ ಸುರಕ್ಷಿತವೆಂದು ನಂಬಿದವರು ನಾವು. ಬ್ಯಾಟರಿ ಹಾಗಲ್ಲ, ಕೈಗೆ ಬರುವಾಗಲೇ ಅದು ಚಾಲೂ ಇರುತ್ತದೆ. ಅದನ್ನು ಆರಿಸಲು ಬರುವುದಿಲ್ಲ, ನಮ್ಮ ಕೈಯನ್ನೇ ಮೊದಲು ಬರಿದು ಮಾಡಿಕೊಳ್ಳಬೇಕು. ಈ ಪಾಠವನ್ನು ಆಮೇಲೆ ಬಂದವರಿಗೆಲ್ಲ ಹೇಳಿದೆ. ಆದರೆ ನನಗಿಂತ ಮೊದಲು ಹೇಳಿದವಳು ಲೂಸಿ.

ಅವಳು ಕಾಗದ ಬಿಚ್ಚಿ, ತುಂಡಾದ ಉಂಗುರವನ್ನು ಬೆರಳಿನಿಂದ ತಿರುಗಿಸಿ ನೋಡಿದಳು. "ಆಣಿ ಹಾಕಿದಾಕಿ ನಾನ ರೀ," ಎಂದಳು. ಆಮೇಲೆ ತನ್ನ ಬೆರಳಿನ ಉಂಗುರವನ್ನು ತೆಗೆದು, ಅವನದರ ಪಕ್ಕದಲ್ಲಿಟ್ಟು ಕಾಗದ ಮಡಚಿದಳು.

"ಕೆಲಸದ ದಿನ ಎರಡೂ ಡಬ್ಬ್ಯಾಗ ಇರ್ಲಿ," ಎಂದು ಗಂಡನಿಗೆ ಹೇಳಿದಳು. "ನಿಂದು ಬೆಸಿಗಿ ಹಾಕಿಸಿ, ಐತವಾರ ಇಗರ್ಜಿಗೆ ಹೋಗುಮುಂದ ಹಾಕ್ಕೊಳ್ಳೂಣು."