ಗೇಟಿನ ಹೊರಗೆ ಬೆಟ್ಟದ ಕಪ್ಪೆ

ಸತ್ತವರ ದನಿ ಕೇಳಿದೆ ಎಂದು ಯಾರಾದರೂ ಹೇಳಿದರೆ ಅವರ ಮುಖದೆದುರೇ ನಗುತ್ತಿದ್ದವಳು ನಾನು. ಈಗ ನೀವು ನನ್ನನ್ನು ನೋಡಿ ನಕ್ಕರೆ ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಯಜಮಾನರು ಸಿರುಗುಪ್ಪದಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿದ್ದರು. ಮಳೆಗಾಲ ಬಂತೆಂದರೆ ಹೆಂಡತಿ ಇದ್ದಾಳೆಂಬುದೇ ಮರೆತುಹೋಗುತ್ತಿತ್ತು. ರಜೆ ಹಾಕಿ, ಘಟ್ಟದ ನೆತ್ತಿಯ ಜವುಗು ಹುಲ್ಲಿನಲ್ಲಿರುವ ಒಂದು ಕಪ್ಪೆಯ ಬೆನ್ನು ಹತ್ತಿ ಹೊರಡುತ್ತಿದ್ದರು. ಹೆಬ್ಬೆರಳಿನಷ್ಟು ಪ್ರಾಣಿ. ಆ ಮಂಜು, ಆ ತಂಪು ಬಿಟ್ಟು ಕೆಳಗಿಳಿದರೆ ಬದುಕುವುದಿಲ್ಲವಂತೆ. "ಒಂದು ಕೂಗಿತಂದ್ರ, ಇನ್ನೊಂದು ಓ ಅನ್ನೋತನಕ ಬಿಡಂಗಿಲ್ಲ ನೋಡು" ಎನ್ನುತ್ತ, ಟಿಕ್ ಟಿಕ್ ಟಿಕ್ ಟ್ರೂಯ್ ಎಂದು ಕೂಗಿ ತೋರಿಸುತ್ತಿದ್ದರು.

ಆ ಹುಚ್ಚು ಮನೆಗೂ ಬಂತು. ಸಂಜೆ ಸಿರುಗುಪ್ಪದ ಬಸ್ಸಿಳಿದು ಗಾಂಧಿನಗರದ ನಮ್ಮ ಮನೆಗೆ ಬಂದವರು ಬೆಲ್ ಒತ್ತುತ್ತಿರಲಿಲ್ಲ. ಗೇಟಿನ ಹೊರಗೆ ನಿಂತು ಕಪ್ಪೆಯ ಹಾಗೆ ಕೂಗುವುದು, ನಾನು ಒಳಗಿನಿಂದ ಹಾಗೆಯೇ ಕೂಗಿದ ಮೇಲೆ ತಾವೇ ಗೇಟಿನ ಚಿಲಕ ತೆಗೆಯುವುದು. "ಮಂದಿ ನಗ್ತಾರ, ಮಾನ ಕಳೀಬ್ಯಾಡ್ರಿ" ಎಂದು ಬೈಯುತ್ತಲೇ ನಾನು ಬೇಗ ಬೇಗ ಓಗೊಡುತ್ತಿದ್ದೆ.

ಅವರು ತೀರಿಕೊಂಡ ಮೇಲೆ ಸಂಜೆಗಳನ್ನು ಕಳೆಯುವುದೇ ಕಷ್ಟವಾಯಿತು. ಒಬ್ಬಳಿಗೆಂದು ಒಂದು ಹಿಡಿ ಅಕ್ಕಿ ತೊಳೆಯುವಾಗ ಅಳು ಬರುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಸಂಜೆ ಕರೆಂಟ್ ಹೋಗಿತ್ತು. ಅಡುಗೆಮನೆಯಲ್ಲಿ ಮೇಣದಬತ್ತಿ ಹುಡುಕುತ್ತಿದ್ದೆ. ಗೇಟಿನ ಕಡೆಯಿಂದ ಕೇಳಿಸಿತು: ಟಿಕ್ ಟಿಕ್ ಟಿಕ್ ಟ್ರೂಯ್. ಯೋಚಿಸುವ ಮೊದಲೇ, ರೂಢಿಯ ಮೇಲೆ, ನನ್ನ ಬಾಯಿ ಓಗೊಟ್ಟುಬಿಟ್ಟಿತು. ಕೂಗು ಥಟ್ಟನೆ ನಿಂತಿತು. ಚಿಲಕ ಸರಿದ ಸಪ್ಪಳವಾಯಿತು. ಓಡಿಹೋಗಿ ನೋಡಿದರೆ ಚಿಲಕ ಹಾಕಿದ್ದು ಹಾಕಿದಂತೆಯೇ ಇದೆ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ.

ಎದುರುಮನೆಯ ಶಾರದಮ್ಮ ಬೀಸಣಿಗೆ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದಳು.

"ಏನ್ರಿ ಅಕ್ಕಾರ, ಅದೇನು ಕೂಗಿದ್ದು?"

"ನಿನಗೂ ಕೇಳ್ತೇನು?"

"ಕೇಳ್ದಂಗ ಇರ್ತೈತೇನ್ರಿ? ಒಂದು ಒಳಗಿಂದ, ನಿಮ್ದೇ ದನಿ. ಅದರ ಮೊದಲಿಂದು ಗೇಟಿನ ಹತ್ರ. ಆದ್ರ ಅಲ್ಲಿ ಯಾರೂ ಇದ್ದಿಲ್ಲ, ನಾ ಇಲ್ಲೇ ಅದೀನಲ್ಲ. ಈ ಧಗಿಯಾಗ ಕಪ್ಪಿ ಎಲ್ಲಿಂದ ಬರ್ಬೇಕ್ರಿ ಯವ್ವಾ!"

ನಮ್ಮವರ ಗೆಳೆಯರೊಬ್ಬರಿಗೆ ಹೇಳಿದೆ. ಯಾವುದೋ ಊರಕಪ್ಪೆ ಇರಬೇಕು ಎಂದರು. ಇರಬಹುದು. ಆದರೆ ಚಿಲಕದ ಸಪ್ಪಳ? ಅದು ಏನೆಂದು ನನಗೆ ಇಂದಿನವರೆಗೆ ಗೊತ್ತಾಗಿಲ್ಲ.

ಸಂಜೆಯಾದರೆ ಈಗ ಟಿವಿ ಹಚ್ಚುವುದಿಲ್ಲ. ಗೇಟಿನ ಕಡೆ ಕಿವಿಯಿಟ್ಟು ಕೂರುತ್ತೇನೆ. ಓ ಅನ್ನುವ ತನಕ ಬಿಡುವುದಿಲ್ಲ ಎಂದು ಅವರೇ ಹೇಳಿದ್ದರಲ್ಲ. ಅಂದು ನಾನು ಯಾಕಾದರೂ ಅಷ್ಟು ಅವಸರ ಮಾಡಿದೆನೋ! ಸುಮ್ಮನಿದ್ದಿದ್ದರೆ ಇನ್ನೂ ಸ್ವಲ್ಪ ಹೊತ್ತು ಕೂಗುತ್ತಿತ್ತು.