ಟ್ಯೂಬು ಕುಯ್ದ ಚಾಕು

ಕರಿಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟಲು ನಮ್ಮ ತೋಟದಲ್ಲಿ ಲಾರಿಯ ಹಳೇ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕುಯ್ದುಕೊಳ್ಳುತ್ತೇವೆ. ಅಂದು ಆ ಕೆಲಸಕ್ಕೆಂದು ತೋಟದಾಳುಗಳ ಲೈನ್‌ಮನೆಯ ಹೆಂಗಸಿಗೆ ಕೊಟ್ಟ ಹೊಸ ಚಾಕು, ಸಂಜೆ ಅಡುಗೆಮನೆಗೆ ವಾಪಸು ಬಂದಾಗ ಟೊಮೆಟೊ ಸಿಪ್ಪೆಯ ಮೇಲೂ ಜಾರಿತು. ನನಗೆ ಮೈಯೆಲ್ಲ ಉರಿಯಿತು. "ಕಲ್ಲಿನ ಮೇಲಿಟ್ಟು ಕುಯ್ದಿದ್ದೀಯ. ಇಷ್ಟು ಮೆತ್ತಗಿನ ರಬ್ಬರು ಕುಯ್ದ್ರೆ ಉಕ್ಕು ಸವೀತದಾ?" ಎಂದು ಎಲ್ಲರೆದುರು ಬೈದೆ.

ಮಾರನೇ ದಿನ ಹಟಕ್ಕೆ ಬಿದ್ದು, ಅದರ ಜೊತೆಗೇ ಕೊಂಡಿದ್ದ ಇನ್ನೊಂದು ಚಾಕು ಹಿಡಿದು, ಮರದ ಮಣೆಯ ಮೇಲೆ ನಾನೇ ಕುಯ್ದೆ. ಎರಡು ಟ್ಯೂಬು ಮುಗಿಯುವ ಹೊತ್ತಿಗೆ ಚಾಕು ಕಚ್ಚುವುದನ್ನೇ ಬಿಟ್ಟಿತು. ಅದರ ಬಾಯಿಗೆ ಹೆಬ್ಬೆರಳು ಒತ್ತಿ ಎಳೆದೆ. ಗೀರೂ ಬೀಳಲಿಲ್ಲ.

ಪಕ್ಕದಲ್ಲಿ ಪಟ್ಟಿಗಳನ್ನು ಕಂತೆ ಕಟ್ಟುತ್ತಿದ್ದ ಅವಳು ತಲೆ ಎತ್ತದೆ ಕೇಳಿದಳು: "ಕಲ್ಲು ಎಲ್ಲುಂಟು ಅಮ್ಮಾ?"